ಇನ್ನೊಂದು ಪಂಪಿನ ಗಂಟಲು

ಪಕ್ಕದ ದೇಶದ ಇಕಿಕೆ ಬಂದರಿನಿಂದ ಲಾರಿಯಲ್ಲಿ ಬಂದಿದ್ದ, ಕಾಂಕ್ರೀಟು ಪಂಪಿನ ಆ ಕಬ್ಬಿಣದ ಗಂಟಲು ಬೆಳಗಿನಿಂದ ಅಂಗಳದ ನಡುವೆ ಹಾಗೇ ಬಿದ್ದಿತ್ತು. ಎರಡು ಕಡೆ ಬಾಗಿ, ಒಂದು ತುದಿ ಅಗಲವಾಗಿ, ಇನ್ನೊಂದು ತುದಿ ಸಪೂರವಾಗಿ, ಯಾವುದೋ ದೊಡ್ಡ ಪ್ರಾಣಿಯನ್ನು ಕೊಯ್ದವರು ಮಾಂಸವನ್ನೆಲ್ಲ ಒಯ್ದು ಇದೊಂದನ್ನು ಮಾತ್ರ ಬಿಟ್ಟುಹೋದ ಹಾಗೆ. ಎವಾರಿಸ್ತೊ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಅದರ ದಂಡದ ದಪ್ಪವನ್ನು ಮೂರನೆಯ ಸಲ ಅಳೆದ. ಮೂರು ಸಲಕ್ಕೂ ಮೂರು ಅಂಕಿ ಬಂತು. ಅಳೆಯುವ ಸಾಧನ ಕೆಟ್ಟಿರಲಿಲ್ಲ. ಅಂಕಿ ಓದುವ ಹೊತ್ತಿಗೆ ಸರಿಯಾಗಿ ಅವನ ಮನಸ್ಸು ಬೇರೆಲ್ಲೋ ಇರುತ್ತಿತ್ತು. ಬೆಳಕು ಎಲ್ಲ ಕಡೆಯಿಂದಲೂ ಒಂದೇ ಸಮ ಬೀಳುತ್ತಿತ್ತು. ಯಾವ ವಸ್ತುವಿಗೂ ಭಾರವೇ ಇಲ್ಲವೇನೋ ಅನ್ನಿಸುವಂಥ, ಈ ಎತ್ತರದ ಬೆಳಕು. ತಲೆಯ ಮೇಲೆ ಕೇಬಲ್ಲಿಗೆ ತೂಗುಬಿದ್ದ ಗಾಜಿನ ಡಬ್ಬಿಗಳು ಸದ್ದಿಲ್ಲದೆ ಕೆಳಗಿನ ಲಾ ಪಾಸ್ ನಗರದ ಕಡೆಗೆ ಇಳಿದುಹೋಗುತ್ತಿದ್ದವು. ಒಂದರಲ್ಲಿ ಕುಳಿತ ಹೆಂಗಸು ತನ್ನನ್ನೇ ನೋಡುತ್ತಿದ್ದಾಳೆ ಎಂದು ಅವನಿಗೆ ಅನ್ನಿಸಿತು. ಅಷ್ಟು ದೂರದಿಂದ ಮುಖ ಕಾಣುವುದು ಸಾಧ್ಯವಿರಲಿಲ್ಲ.

ಗಂಟಲು ಒಂದು ಕಂಪನಿಯದು, ಅದು ಕೂರಬೇಕಾದ ಪಂಪು ಇನ್ನೊಂದು ಕಂಪನಿಯದು. ಯಜಮಾನಿ ದೊನ್ಯ ಗ್ರೆಗೋರಿಯಾಳ ಆ ಪಂಪಿನಲ್ಲಿ ಹುಟ್ಟಿದಾಗಿನದು ಅನ್ನುವಂಥದ್ದು ಚೌಕಟ್ಟು ಮತ್ತು ಕಾಂಕ್ರೀಟು ಸುರಿಯುವ ತೊಟ್ಟಿ, ಅಷ್ಟೆ. ಎಂಜಿನ್ನು ಹಳೆಯ ಲಾರಿಯದು. ಪಿಸ್ಟನ್ನುಗಳ ರಬ್ಬರು ಮೂರನೆಯ ಯಾವುದೋ ದೇಶದ್ದು. ನೀರಿನ ಪೆಟ್ಟಿಗೆಯನ್ನು ಎವಾರಿಸ್ತೊನೇ ತಗಡು ಬೆಸೆದು ಮಾಡಿದ್ದ. ತಯಾರಿಸಿದವರು ಇದರ ಬಿಡಿಭಾಗ ಮಾಡುವುದನ್ನು ನಿಲ್ಲಿಸಿ ಹದಿನೈದು ವರ್ಷವಾಗಿತ್ತು. ಆದರೂ ಇದು ಎಲ್ ಆಲ್ಟೊ ಊರಿನ ಅರ್ಧ ತಾರಸಿಗಳನ್ನು ಹಾಕಿತ್ತು. "ನನ್ನ ಪಂಪು ನಮ್ಮ ಹಾಗೇನೇ ಕಣ್ರೋ. ಅಪ್ಪ ಯಾರೋ, ಅಜ್ಜ ಯಾರೋ, ಆದ್ರೆ ಕೆಲ್ಸಕ್ಕೆ ಗಟ್ಟಿ" ಎಂದು ದೊನ್ಯ ಗ್ರೆಗೋರಿಯಾ ಪ್ರತಿ ಸಲವೂ ಹೇಳಿ, ಪ್ರತಿ ಸಲವೂ ತಾನೇ ಮೊದಲು ನಗುತ್ತಿದ್ದಳು. ಹೊಸ ಗಂಟಲಿನ ದಂಡ ಸ್ವಲ್ಪ ಸಪೂರ, ಅದು ಕೂರುವ ಹಳೆಯ ಮನೆ ಸ್ವಲ್ಪ ಅಗಲ. ನಡುವೆ ಒಂದು ಕಂಚಿನ ಬಳೆ ಕಡೆಸಿ ಕೂರಿಸಿದರೆ ಆಯಿತು. ನಾಳೆ ಮಧ್ಯಾಹ್ನ ಒಂದು ಮದುವೆ ಹಾಲಿನ ಮೂರನೆಯ ಮಹಡಿಗೆ ಕಾಂಕ್ರೀಟು ಹಾಕಬೇಕಿತ್ತು. ಅವನು ನಲವತ್ತು ವರ್ಷ ಮಾಡಿಕೊಂಡು ಬಂದದ್ದು ಇದೇ ಕೆಲಸ. ಹೊಂದದ ಎರಡನ್ನು ತಂದು, ಒಂದನ್ನು ಸ್ವಲ್ಪ ತಿಂದು, ಇನ್ನೊಂದನ್ನು ಸ್ವಲ್ಪ ತುಂಬಿ, ಹೊಂದಿಸುವುದು.

ಸ್ವಲ್ಪ ತಿಂದು. ಹೆಬ್ಬೆರಳು ತಾನಾಗಿಯೇ ಹೋಗಿ ಗಂಟಲಿನ ಅಂಚಿನ ಮೇಲೆ ನಿಂತಿತು. ಪೈಪಿನ ಬಾಯಿಯ ಸುತ್ತ ಒಂದು ಉಬ್ಬು ಇರುತ್ತದೆ. ಎರಡು ಪೈಪುಗಳ ಉಬ್ಬುಗಳನ್ನು ಸೇರಿಸಿ ಕ್ಲಾಂಪು ಬಿಗಿಹಿಡಿಯುವುದು ಅಲ್ಲಿ. ಒಬ್ಬೊಬ್ಬರ ಉಬ್ಬು ಒಂದೊಂದು ಅಳತೆ. ನಾಲ್ಕು ವರ್ಷದ ಹಿಂದೆ, ಆ ದಿನ, ಒಂದು ಕಂಪನಿಯ ಕ್ಲಾಂಪು ಇನ್ನೊಂದು ಕಂಪನಿಯ ಪೈಪಿಗೆ ಮುಚ್ಚಿಕೊಳ್ಳಲಿಲ್ಲ. ಅವನು ಉಜ್ಜುವ ಯಂತ್ರ ಹಿಡಿದು ಉಬ್ಬನ್ನು ಸುತ್ತಲೂ ಎರಡು ಮಿಲಿಮೀಟರ್ ತಿಂದ. ಕಿಡಿಗಳು ಬಿಸಿಲಿನಲ್ಲಿ ಕಾಣಲಿಲ್ಲ, ಕೈಗೆ ಚುಚ್ಚಿದವು ಮಾತ್ರ. ಕ್ಲಾಂಪು ಟಕ್ ಎಂದು ಕೂತಿತು. ಎಷ್ಟು ಇಂಪಾಗಿ ಕೂತಿತೆಂದರೆ ಅವನಿಗೆ ಖುಷಿಯಾಗಿತ್ತು. ಅದನ್ನು ನೆನೆದಾಗ ಈಗಲೂ ಮೊದಲು ಬರುವುದು ಆ ಖುಷಿಯೇ, ಆಮೇಲೆ ಉಳಿದದ್ದು. ನಾಲ್ಕನೆಯ ದಿನ, ಕೆಲಸದ ನಡುವೆ, ಅದು ಕಳಚಿತು. ಮದ್ದು ಹೊಡೆದಂಥ ಸದ್ದು. ಜಲ್ಲಿ ಹಾರಿತು. ಪೈಪು ನೋಡಿಕೊಳ್ಳುತ್ತಿದ್ದ ಫೆರ್ಮಿನ್ ತಾರ್ಕಿ ಗೋಡೆಗೆ ಒರಗಿ ಕೂತುಬಿಟ್ಟ, ಎಡಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು, ಏನೋ ಮರೆತದ್ದನ್ನು ನೆನಪಿಸಿಕೊಳ್ಳುವವನ ಹಾಗೆ. ಎಲ್ಲರೂ ಓಡಿಬಂದರು. ಎವಾರಿಸ್ತೊ ಸುಳ್ಳನ್ನೇನೂ ಹೇಳಲಿಲ್ಲ. ಪಂಪು ನಡೆಸುತ್ತಿದ್ದ ರುಫಿನೊನನ್ನು ಒಂದು ಪ್ರಶ್ನೆ ಕೇಳಿದ, ಅಷ್ಟೆ: "ಪಂಪು ಹಿಂದಕ್ಕೆ ತಿರುಗ್ಸಿದ್ಯಾ, ಇವನು ಕ್ಲಾಂಪು ತೆಗೆಯೋ ಮುಂಚೆ?" ಪಂಪನ್ನು ಹಿಂದಕ್ಕೆ ತಿರುಗಿಸಿ ಒತ್ತಡ ಇಳಿಸದೆ ಕ್ಲಾಂಪು ತೆಗೆಯಬಾರದು ಎಂಬುದು ಈ ಕೆಲಸದಲ್ಲಿ ಮೊದಲು ಕಲಿಯುವ ಪಾಠ. ಕೆಲಸ ಶುರುವಾಗುವ ಮುಂಚೆ ಭೂತಾಯಿಗೆ ಚಿಮುಕಿಸಿ ಉಳಿದ ಮದ್ಯದ ವಾಸನೆ ಫೆರ್ಮಿನ್‌ನ ಬಾಯಲ್ಲಿತ್ತು. ಎಲ್ಲರ ಕಣ್ಣೂ ಫೆರ್ಮಿನ್ ಕಡೆಗೆ ತಿರುಗಿದವು. ಪ್ರಶ್ನೆ ಉತ್ತರವಾಗಿಬಿಟ್ಟಿತು.

ನಾಲ್ಕು ವರ್ಷ ಕಳೆದಿತ್ತು. ಫೆರ್ಮಿನ್ ಅವನಿಗೆ ಕೊಂಪಾದ್ರೆ, ಮಗುವಿನಿಂದಾದ ನೆಂಟ. ಫೆರ್ಮಿನ್‌ನ ಮಗಳ ಮೊದಲ ಕೂದಲು ಕತ್ತರಿಸಿ ಅವಳಿಗೆ ಧರ್ಮದ ಅಪ್ಪನಾದವನು ಎವಾರಿಸ್ತೊ, ಆ ಮೆತ್ತಗಿನ ಕರಿ ಎಳೆ ಇವನ ಅಂಗೈಯಲ್ಲಿ ಇತ್ತು ಒಮ್ಮೆ. ಆಸ್ಪತ್ರೆಗೆ ಅವನು ಹೋಗಲಿಲ್ಲ. ಹುಲಿ ಚಿತ್ರದ ಕಂಬಳಿಯೊಂದನ್ನು ಬೇರೆಯವರ ಕೈಯಲ್ಲಿ ಕಳಿಸಿದ.

ಕಂಚಿನ ತುಂಡನ್ನು ಬಟ್ಟೆಯಲ್ಲಿ ಸುತ್ತಿ, ಕೊನೆಗೂ ಎರಡು ಸಲ ಒಂದೇ ಬಂದ ಅಂಕಿಯನ್ನು ಚೀಟಿಯಲ್ಲಿ ಬರೆದು, ಅವನು ಲೇತ್ ಅಂಗಡಿಗೆ ಹೊರಟ. ನೇರ ದಾರಿ ಇದ್ದರೂ ನಾಲ್ಕು ವರ್ಷದಿಂದ ಅವನು ಎರಡು ಬೀದಿ ಸುತ್ತಿ ಹೋಗುತ್ತಿದ್ದ. ಇವತ್ತು ಆ ಸುತ್ತುದಾರಿಯಲ್ಲಿ ಡ್ರೈವರುಗಳ ಸಂಘದವರು ಮುಷ್ಕರ ಹೂಡಿ ವ್ಯಾನುಗಳನ್ನು ಅಡ್ಡಡ್ಡ ನಿಲ್ಲಿಸಿ, ರಸ್ತೆಯ ನಡುವೆ ಕೂತು ಇಸ್ಪೀಟು ಆಡುತ್ತಿದ್ದರು. "ಮುಂದೆ ಟೈರಿಗೆ ಬೆಂಕಿ ಹಚ್ಚಿದಾರೆ, ಯಜಮಾನ್ರೆ. ಈ ಓಣೀಲಿ ಹೋಗಿ" ಎಂದು ಒಬ್ಬ ಎಲೆಗಳಿಂದ ಕಣ್ಣೆತ್ತದೆ ಕೈ ತೋರಿಸಿದ. ಅವನು ತೋರಿಸಿದ ಓಣಿ ನೇರ ದಾರಿಗೇ ಹೋಗಿ ಸೇರುತ್ತಿತ್ತು. ವಾಪಸು ಹೋಗಬಹುದಿತ್ತು. ಆದರೆ ಕಾಲುಗಳು ಓಣಿಯೊಳಕ್ಕೆ ನಡೆದವು. ನಿದ್ದೆಯಲ್ಲಿ ಮೆಟ್ಟಿಲು ಇಳಿಯುವಾಗ ಇಳಿಯುತ್ತಿರುವುದು ಗೊತ್ತಿದ್ದೂ ನಿಲ್ಲಲಾಗದ ಹಾಗೆ. ಗೋಡೆಗಳ ಇಟ್ಟಿಗೆಗೆ ಗಾರೆ ಇರಲಿಲ್ಲ. ಮೇಲೆ, ಪ್ರತಿ ತಾರಸಿಯಿಂದಲೂ ಮುಂದಿನ ಮಹಡಿಗೆಂದು ಬಿಟ್ಟ ಕಬ್ಬಿಣದ ಸರಳುಗಳು ಆಕಾಶಕ್ಕೆ ಚುಚ್ಚಿಕೊಂಡಿದ್ದವು. ಇದು ನಮ್ಮ ಪಂಪು ಹಾಕಿದ್ದು, ಇದೂ ನಮ್ಮದೇ, ಎಂದು ಎಣಿಸುತ್ತ ನಡೆದ. ಈ ಮನೆಗಳಲ್ಲಿ ಜನ ಮಲಗುತ್ತಾರೆ, ಬೈದಾಡುತ್ತಾರೆ, ಹೆರುತ್ತಾರೆ, ನಾನು ಉಜ್ಜಿದ ಪೈಪುಗಳ ಮೂಲಕ ಹಾದುಬಂದ ಕಲ್ಲಿನ ಕೆಳಗೆ. ಅವು ಗಟ್ಟಿಯಾಗಿಯೇ ನಿಂತಿವೆ. ಹಾಗೆ ಯೋಚಿಸಿದರೆ ಎಲ್ಲವೂ ಸರಿ ಎನ್ನಿಸುತ್ತಿತ್ತು, ಮುಂದಿನ ತಿರುವಿನವರೆಗೆ.

"ಕೊಂಪಾದ್ರೆ!"

ಫೆರ್ಮಿನ್‌ನ ಹೆಂಡತಿ ನಿಯೆವೆಸ್. ಮೂಲೆಯಲ್ಲಿ ನೀಲಿ ಟಾರ್ಪಾಲಿನ ಕೆಳಗೆ ನೇರಳೆ ಜೋಳದ ಅಪಿ ಕುದಿಯುವ ದೊಡ್ಡ ಪಾತ್ರೆಯ ಹಿಂದೆ ಕೂತಿದ್ದಳು. ಆವಿಯಲ್ಲಿ ಅವಳ ಮುಖ ಒಮ್ಮೆ ಇತ್ತು, ಒಮ್ಮೆ ಇರಲಿಲ್ಲ. "ಏನ್ರೀ, ನಮ್ಮ ಅಪಿ ರುಚಿ ಇಲ್ಲ ಅಂತ ಯಾರಾದ್ರೂ ಚಾಡಿ ಹೇಳಿದ್ರಾ? ನಾಲ್ಕು ವರ್ಷ ಆಯ್ತು ಈ ಕಡೆ ತಲೆ ಹಾಕಿ! ನಿಮ್ಮ ಮಗಳು ಈಗ ನನ್ನ ಭುಜದ ಎತ್ತರ ಇದಾಳೆ. ಕೂತ್ಕೊಳ್ಳಿ. ಫೆರ್ಮಿನ್, ಯಾರು ಬಂದಿದಾರೆ ನೋಡು."

ಫೆರ್ಮಿನ್ ಬಾಣಲೆಯಿಂದ ಪೂರಿಯಂತೆ ಉಬ್ಬಿದ ಪಸ್ತೇಲ್ ಎತ್ತುತ್ತಿದ್ದ. ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ ಬಲಗಣ್ಣಿನಿಂದ ನೋಡಿದ. ಎಡಗಣ್ಣಿನ ರೆಪ್ಪೆ ಹೊಲಿದ ಜೇಬಿನಂತೆ ಮುಚ್ಚಿತ್ತು. "ಬನ್ನಿ ಕೊಂಪಾದ್ರೆ" ಎಂದ. ದನಿಯಲ್ಲಿ ಸಂಕೋಚವಿತ್ತು, ತಪ್ಪು ಮಾಡಿದವನ ಸಂಕೋಚ. ಎವಾರಿಸ್ತೊ ತಲೆ ತಗ್ಗಿಸಿದ್ದು ಆ ಕಣ್ಣು ನೋಡಿ ಅಲ್ಲ, ಆ ದನಿ ಕೇಳಿ.

ಬೆಂಚಿನ ಮೇಲೆ ಕೂತ. ಲೋಟ ಕೈಗೆ ಬಂತು, ಸುಟ್ಟಿತು. ಲವಂಗ, ಚಕ್ಕೆ. ತಾಯಿ ಸತ್ತ ದಿನ ಬೆಳಿಗ್ಗೆ ಯಾರೋ ಹೀಗೇ ಒಂದು ಲೋಟ ಕೈಗಿಟ್ಟಿದ್ದರು. ಅಳಬೇಕೋ ಕುಡಿಯಬೇಕೋ ತಿಳಿಯದೆ ಅವನು ಕುಡಿದಿದ್ದ. ನಿಯೆವೆಸ್ ಮಾತಾಡುತ್ತಲೇ ಇದ್ದಳು. "ಇವನೀಗ ಒಂದು ತೊಟ್ಟೂ ಮುಟ್ಟಲ್ಲ ಗೊತ್ತಾ? ದೇವರ ಮುಂದೆ ಆಣೆ ಮಾಡಿದ. ನಾನು ಬಿಡ್ಬೇಕಲ್ಲ! ದಿನಾ ತಟ್ಟೆಗೆ ಬಡಿಸ್ತಾ ಹೇಳ್ತೀನಿ, ಆವತ್ತು ನೀನು ಆ ಲೋಟ ಎತ್ತದೆ ಇದ್ದಿದ್ರೆ ಇವತ್ತು ಎರಡು ಕಣ್ಣಲ್ಲಿ ನನ್ನ ನೋಡ್ತಿದ್ದೆ ಅಂತ. ಒಂದು ದಿನಾನೂ ತಪ್ಸಿಲ್ಲ ನಾನು."

"ತಪ್ಸಿಲ್ಲ" ಎಂದ ಫೆರ್ಮಿನ್ ಸಣ್ಣಗೆ ನಕ್ಕು. "ಉಪ್ಪು ಹಾಕೋದು ಮರೀತಾಳೆ, ಇದನ್ನ ಮರೆಯಲ್ಲ."

ಆಗ ಎವಾರಿಸ್ತೊ ಹೇಳಿದ. ಹೇಳಬೇಕೆಂದು ತೀರ್ಮಾನಿಸಿರಲಿಲ್ಲ. ನಾಲ್ಕು ವರ್ಷದಲ್ಲಿ ನೂರು ಬಗೆಯಾಗಿ ಜೋಡಿಸಿಕೊಂಡಿದ್ದ ವಾಕ್ಯಗಳಲ್ಲಿ ಒಂದೂ ಬರಲಿಲ್ಲ. "ನೀನು ಮುಟ್ಟಲೇ ಇಲ್ಲ ಅದನ್ನ" ಎಂದ.

"ಏನನ್ನ?"

"ಕ್ಲಾಂಪು. ನೀನು ಮುಟ್ಟಿರ್ಲಿಲ್ಲ, ಫೆರ್ಮಿನ್. ಅದಾಗೇ ಕಳಚ್ತು. ಪೈಪು ಒಂದು ಕಂಪನೀದು, ಕ್ಲಾಂಪು ಇನ್ನೊಂದು. ಕೂರಲಿಲ್ಲ ಅಂತ ನಾನು ಉಬ್ಬನ್ನ ಉಜ್ಜಿದ್ದೆ. ಹಿಡಿತ ಸಾಲಲಿಲ್ಲ. ನನಗೆ ಆವತ್ತೇ ಗೊತ್ತಿತ್ತು."

ಬಾಣಲೆಯ ಎಣ್ಣೆ ಚಟಪಟ ಅನ್ನುತ್ತಿತ್ತು. ಒಂದು ಪಸ್ತೇಲ್ ಕಂದಾಗಿ, ಕಪ್ಪಾಗಿ, ಅದನ್ನು ಯಾರೂ ಎತ್ತಲಿಲ್ಲ. ನಿಯೆವೆಸ್ ಸೌಟನ್ನು ಪಾತ್ರೆಯೊಳಗೇ ಬಿಟ್ಟಳು.

"ಎಷ್ಟು ಉಜ್ಜಿದ್ರಿ?" ಎಂದಳು.

"ಎರಡು ಮಿಲಿಮೀಟರ್."

ಅವಳು ಹೆಬ್ಬೆರಳು ತೋರುಬೆರಳುಗಳನ್ನು ಹತ್ತಿರ ತಂದು, ನಡುವಿನ ಸಂದನ್ನು ಬೆಳಕಿಗೆ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿ, ತಿರುಗಿದ್ದನ್ನು ಅರ್ಧಕ್ಕೇ ನಿಲ್ಲಿಸಿ, ಸೆರಗಿನಂಥ ಶಾಲಿನ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಬೈಯುತ್ತಾಳೆ, ಬಿಸಿ ಅಪಿ ಮುಖಕ್ಕೆ ಎರಚುತ್ತಾಳೆ ಎಂದು ಎವಾರಿಸ್ತೊ ಕಾಯುತ್ತಿದ್ದ. ಅವಳು ಅವನನ್ನು ನೋಡುತ್ತಲೇ ಇರಲಿಲ್ಲ. ಅವಳು ನಾಲ್ಕು ವರ್ಷದ ತಟ್ಟೆಗಳನ್ನು ನೋಡುತ್ತಿದ್ದಳು.

"ನಿಯೆವೆಸ್, ನೀನು ಅಳ್ಬೇಡ" ಎಂದ ಫೆರ್ಮಿನ್. ಆಮೇಲೆ ಇವನ ಕಡೆಗೆ ತಿರುಗಿದಾಗ ಆ ಸಂಕೋಚ ಹೋಗಿತ್ತು. ಬದಲಿಗೆ ಬಂದದ್ದನ್ನು ಎವಾರಿಸ್ತೊ ಕೋಪ ಎಂದುಕೊಂಡ, ಅದು ಕೋಪವಷ್ಟೇ ಆಗಿರಲಿಲ್ಲ. "ನನಗೆ ಆ ಬೆಳಿಗ್ಗೆ ನೆನಪಿಲ್ಲ ಕೊಂಪಾದ್ರೆ. ಲೋಟ ಎತ್ತಿದ್ದು ನೆನಪಿದೆ, ಆಮೇಲೆ ಆಸ್ಪತ್ರೆ. ಮಧ್ಯೆ ಏನು ಮಾಡ್ದೆ ಅಂತ ದಿನಾ ಮಲಗೋ ಮುಂಚೆ ಹುಡುಕ್ತೀನಿ. ಕ್ಲಾಂಪಿನ ಮೇಲೆ ನನ್ನ ಕೈ ಇರೋದು ಕಣ್ಣಿಗೆ ಕಾಣತ್ತೆ. ಸುತ್ತಿಗೇಲಿ ಹೊಡೆಯೋದು ಕಾಣತ್ತೆ. ನೋಡಿ, ಮಾಡದೇ ಇರೋದು ಕೂಡ ಕಾಣತ್ತೆ ಮನುಷ್ಯನಿಗೆ." ಅವನು ಒಲೆ ಆರಿಸಿದ. "ಆ ಆಣೆ ಮೇಲೆ ನಿಂತಿದೀನಿ ನಾನು. ಈಗ ಬಂದು ಅದರ ಕೆಳಗಿಂದ ನೆಲ ಎಳೀತಿದೀರಲ್ಲ."

"ಆಣೆ ನಿನ್ನದೇ. ಅದನ್ನ ಯಾರೂ—"

"ಸುಮ್ನಿರಿ." ಫೆರ್ಮಿನ್ ಏಪ್ರನ್ ಬಿಚ್ಚಿ ಬೆಂಚಿನ ಮೇಲಿಟ್ಟ. "ಆ ಥರ ಉಜ್ಜಿದ್ದು ಬೇರೆ ಇದೆಯಾ? ಆ ಪಂಪಲ್ಲಿ?"

ಎವಾರಿಸ್ತೊ ಲೋಟದೊಳಕ್ಕೆ ನೋಡಿದ. "ಏಳು."

"ನಡೀರಿ" ಎಂದ ಫೆರ್ಮಿನ್. "ನನಗೆ ಹೇಳಿದ್ದು ಸಾಕು. ಆ ಪೈಪಿನ ಪಕ್ಕ ನಿಲ್ಲೋರಿಗೆ ಹೇಳಿ."

ಲೇತ್ ಅಂಗಡಿಗೆ ಹೋಗಬೇಕಾದ ಕಂಚು ಜೇಬಿನಲ್ಲಿ ತೂಗುತ್ತಲೇ ಇತ್ತು. ಇಬ್ಬರೂ ಪಂಪಿನ ಅಂಗಳದ ಕಡೆಗೆ ನಡೆದರು. ನಾಯಿಯೊಂದು ಸ್ವಲ್ಪ ದೂರ ಜೊತೆಗೆ ಬಂದು, ಇವರಿಂದ ಏನೂ ಸಿಗುವುದಿಲ್ಲವೆಂದು ತಿಳಿದು ನಿಂತಿತು. ಎವಾರಿಸ್ತೊನಿಗೆ ವಿಚಿತ್ರವಾದ ಹಗುರ ಅನ್ನಿಸುತ್ತಿತ್ತು. ಮೊದಲ ಸಲ ಈ ಎತ್ತರಕ್ಕೆ ಬಂದವರಿಗೆ ಆಗುವಂಥ, ತಲೆ ಸುತ್ತುವ ಹಗುರ; ಅದು ಒಳ್ಳೆಯದಕ್ಕಲ್ಲ, ಸ್ವಲ್ಪ ಹೊತ್ತಿನಲ್ಲಿ ವಾಂತಿ ಬರುತ್ತದೆ ಎಂದು ಇಲ್ಲಿಯವರಿಗೆಲ್ಲ ಗೊತ್ತು. ಪಂಪಿನವರಿಗೆ ಹೇಗೆ ಹೇಳಲಿ ಎಂದು ಯೋಚಿಸಿದ. ಅವರ ಮುಖಗಳು ಬಾಡುವುದನ್ನು, ಈಗ ಪೈಪು ನೋಡಿಕೊಳ್ಳುವ ವಿಲ್ಬರ್ ನೆಲಕ್ಕೆ ಉಗಿಯುವುದನ್ನು, ರುಫಿನೊ ಟೋಪಿ ತೆಗೆಯುವುದನ್ನು ಕಂಡ. ಮೇಸ್ತ್ರಿ, ನೀವಾ, ಎನ್ನುತ್ತಾರೆ. ನಲವತ್ತು ವರ್ಷದ ಹೆಸರು ಒಂದು ಮಧ್ಯಾಹ್ನಕ್ಕೆ ಹೋಗುತ್ತದೆ. ಅದು ಹೋಗುವುದನ್ನು ನೋಡುವುದರಲ್ಲಿ ಒಂದು ಬಗೆಯ ದೊಡ್ಡಸ್ತಿಕೆ ಇದೆ ಎಂದು ಅವನಿಗೆ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಅಂಗಳದಲ್ಲಿ ಅವರು ಊಟಕ್ಕೆ ಕೂತಿದ್ದರು. ದೊನ್ಯ ಗ್ರೆಗೋರಿಯಾ ನೆಲಕ್ಕೆ ಹಾಸಿದ ಬಟ್ಟೆಯ ಮೇಲೆ ಆಲೂಗಡ್ಡೆ, ಅದನ್ನೇ ಒಣಗಿಸಿದ ಚುನ್ಯೊ, ಬೇಯಿಸಿದ ಅವರೆ, ಗಿಣ್ಣು ಎಲ್ಲವನ್ನೂ ಒಟ್ಟಿಗೆ ಸುರಿದಿದ್ದಳು. ಸುತ್ತ ರುಫಿನೊ, ಪೈಪಿನ ವಿಲ್ಬರ್, ಇನ್ನಿಬ್ಬರು. ಫೆರ್ಮಿನ್‌ನನ್ನು ಕಂಡು ಎಲ್ಲರ ಬಾಯಿ ನಿಂತಿತು. "ಬಳೆ ಆಯ್ತಾ ಮೇಸ್ತ್ರಿ?" ಎಂದಳು ದೊನ್ಯ ಗ್ರೆಗೋರಿಯಾ, ಕಣ್ಣು ಮಾತ್ರ ಫೆರ್ಮಿನ್ ಮೇಲಿಟ್ಟು.

"ಆಗಲಿಲ್ಲ." ನಿಂತೇ ಹೇಳಿದ. ಪೈಪು, ಕ್ಲಾಂಪು, ಉಬ್ಬು, ಎರಡು ಮಿಲಿಮೀಟರ್, ರುಫಿನೊನಿಗೆ ಕೇಳಿದ ಪ್ರಶ್ನೆ. ಈ ಸಲ ಮಾತು ಸರಾಗವಾಗಿ ಬಂತು, ಹೇಳಿ ಮುಗಿಸಿ ಕಾದ.

ಯಾರ ಮುಖವೂ ಬಾಡಲಿಲ್ಲ. ವಿಲ್ಬರ್ ಚುನ್ಯೊದ ಸಿಪ್ಪೆ ಸುಲಿಯುತ್ತಿದ್ದ. ರುಫಿನೊ ನೆಲ ನೋಡಿದ. ದೊನ್ಯ ಗ್ರೆಗೋರಿಯಾ ಲಂಗಕ್ಕೆ ಕೈ ಒರೆಸಿಕೊಂಡು, ಮಗು ರಚ್ಚೆ ಹಿಡಿದಾಗ ಅನ್ನುವಂತೆ, "ಕೂತ್ಕೊಳ್ಳಿ ಮೇಸ್ತ್ರಿ, ಊಟ ಮಾಡಿ" ಎಂದಳು.

"ನಿಮಗೆ ಅರ್ಥ ಆಯ್ತಾ ನಾನು ಹೇಳಿದ್ದು?"

"ಗೊತ್ತಿತ್ತಲ್ಲ, ಮೇಸ್ತ್ರಿ" ಎಂದ ರುಫಿನೊ. "ಲಿವರ್ ಹಿಡಿದಿದ್ದೋನು ನಾನು. ಇವನು ಆ ಕ್ಲಾಂಪಿಂದ ಎರಡು ಮಾರು ಆಚೆ ನಿಂತಿದ್ದ. ಬೆನ್ನು ಮಾಡ್ಕೊಂಡು. ಸದ್ದು ಕೇಳಿ ತಿರುಗ್ದ."

"ಮತ್ತೆ ಯಾಕೆ—"

"ಏನು ಮಾಡೋಕಾಗತ್ತೆ? ನಿಮ್ಮನ್ನ ಬಿಟ್ರೆ ಈ ಪಂಪಿನ ಹೊಟ್ಟೆ ಯಾರಿಗೆ ಗೊತ್ತು? ನೀವು ಹೋದ್ರೆ ಪಂಪು ನಿಲ್ಲತ್ತೆ, ಪಂಪು ನಿಂತ್ರೆ ನಾವೈದು ಜನ ನಿಂತ್ವಿ." ಅವನು ಫೆರ್ಮಿನ್ ಕಡೆ ನೋಡಲಿಲ್ಲ. "ಇವನು ಕುಡಿದಿದ್ನಲ್ಲ. ಕುಡಿದಿದ್ದಂತೂ ನಿಜ. ಹಾಗೇ ಹೋಗ್ಲಿ ಅಂತ ಬಿಟ್ವಿ."

ವಿಲ್ಬರ್ ಸಿಪ್ಪೆ ಎಸೆದು, ಯಾವ ಕಹಿಯೂ ಇಲ್ಲದೆ ಹೇಳಿದ: "ನೀವು ಹಾಕಿದ ಜೋಡಣೆ ಹತ್ರ ನಾವು ಯಾರೂ ನಿಲ್ಲಲ್ಲ, ಮೇಸ್ತ್ರಿ. ಆವತ್ತಿಂದ. ಹೊಸಬರು ಬಂದ್ರೆ ಮೊದಲ ದಿನಾನೇ ಹೇಳ್ಕೊಡ್ತೀವಿ."

ಅಂಗಳ ಒಂದು ಕ್ಷಣ ಬಹಳ ದೂರ ಹೋಯಿತು. ನಾಲ್ಕು ವರ್ಷದಿಂದ ಎಷ್ಟು ಕಡೆ, ಎಷ್ಟು ತಾರಸಿಗಳ ಕೆಳಗೆ, ಪಂಪು ಶುರುವಾಗುವ ಮುಂಚೆ ಅವನು ಪೈಪಿನ ಉದ್ದಕ್ಕೂ ಒಂದು ಸಲ ನಡೆದು ಬರುತ್ತಿದ್ದ, ಆಗ ಇವರೆಲ್ಲ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಹಿರಿಯ ಮೇಸ್ತ್ರಿಗೆ ದಾರಿ ಬಿಡುತ್ತಿದ್ದಾರೆ ಎಂದು ಅವನು ತಿಳಿದಿದ್ದ. ಎದೆ ಸ್ವಲ್ಪ ಮುಂದೆ ಮಾಡಿ ನಡೆಯುತ್ತಿದ್ದ. ಆ ಎರಡು ಹೆಜ್ಜೆಯ ಖಾಲಿ ಜಾಗ ಈಗ ಕಣ್ಣ ಮುಂದೆ ಬಂದು ನಿಂತಿತು, ಬಿಸಿಲಿನಲ್ಲಿ, ಎಷ್ಟು ಸ್ಪಷ್ಟವಾಗಿ ಎಂದರೆ ಅದಕ್ಕೆ ಅಂಚು ಇತ್ತು. ಗುಟ್ಟು ಅವನೊಬ್ಬನದು ಆಗಿರಲೇ ಇಲ್ಲ. ಅವನು ಹೊತ್ತು ತಿರುಗಿದ್ದನ್ನು ಇವರು ದಿನವೂ ನೋಡಿ, ದಾಟಿ, ಊಟ ಮಾಡಿದ್ದರು. ಗೊತ್ತಿಲ್ಲದೆ ಇದ್ದವನು ಒಬ್ಬನೇ.

ಆ ಒಬ್ಬ ಗೋಡೆಯ ಪಕ್ಕ ನಿಂತಿದ್ದ. ರುಫಿನೊನಿಂದ ವಿಲ್ಬರ್‌ಗೆ, ವಿಲ್ಬರ್‌ನಿಂದ ದೊನ್ಯ ಗ್ರೆಗೋರಿಯಾಗೆ, ಒಂದೊಂದೇ ಮುಖಕ್ಕೂ ತಲೆಯನ್ನು ಪೂರ್ತಿ ತಿರುಗಿಸಿ ನೋಡಿದ. "ನೀವೆಲ್ಲ ನನ್ನ ಅಂಗಡಿಗೆ ಬರ್ತಿದ್ರಿ" ಎಂದ. "ಅಪಿ ಕುಡೀತಿದ್ರಿ. ಅವಳು ನಿಮ್ಮ ಮುಂದೇನೇ ನನಗೆ ಅಂತಿದ್ಲು. ನೀವು ನಗ್ತಿದ್ರಿ." ಮತ್ತೆ ವಿಲ್ಬರ್ ಕಡೆ ತಿರುಗಿದ. "ವಿಲ್ಬರ್, ನೀನು ಹೋದ ವಾರ ಕೂಡ ಬಂದಿದ್ದೆ."

"ಬಂದಿದ್ದೆ ಅಣ್ಣ" ಎಂದ ವಿಲ್ಬರ್. ಸುಲಿದ ಚುನ್ಯೊ ಅವನ ಕೈಯಲ್ಲೇ ಉಳಿಯಿತು.

ಎವಾರಿಸ್ತೊ ಸೀಮೆಸುಣ್ಣ ಹುಡುಕಿ ತೆಗೆದ. ಪೈಪುಗಳ ರಾಶಿಯ ಬಳಿಗೆ ಹೋಗಿ ತಾನು ಉಜ್ಜಿದ ಏಳಕ್ಕೂ ಒಂದೊಂದು ಗೆರೆ ಎಳೆದ. ಏಳಲ್ಲ, ಎಂಟು ಇದ್ದವು. ಒಂದನ್ನು ಅವನು ತನಗೇ ಗೊತ್ತಿಲ್ಲದೆ ಮರೆತಿದ್ದ. "ಇವು ನಾಳೆ ಹೋಗಬಾರದು" ಎಂದ. "ಇವಿಲ್ಲದೆ ಮೂರನೇ ಮಹಡಿ ಮುಟ್ಟಲ್ಲ" ಎಂದಳು ದೊನ್ಯ ಗ್ರೆಗೋರಿಯಾ. "ಮುಟ್ಟಲ್ಲ" ಎಂದು ಅವನೂ ಒಪ್ಪಿದ. "ಮದುವೆ ಹಾಲಿನೋರಿಗೆ ಏನಂತ ಹೇಳ್ಲಿ ನಾನು? ಕಬ್ಬಿಣ ಕಟ್ಟಿ, ಹಲಗೆ ಹೊಡೆದು ಕೂತಿದಾರೆ!" ಅವಳು ಅವನನ್ನು ಬೈಯತೊಡಗಿದಳು. ನಾಲ್ಕು ವರ್ಷದಲ್ಲಿ ಅವಳು ಅವನನ್ನು ಬೈದದ್ದೇ ಇರಲಿಲ್ಲ. ಬೈಗುಳ ತಣ್ಣೀರಿನ ಹಾಗೆ ಮೈಮೇಲೆ ಬಿತ್ತು, ಅವನು ನಿಂತು ಅಷ್ಟನ್ನೂ ತೆಗೆದುಕೊಂಡ.

ಗೆರೆ ಎಳೆದ ಪೈಪುಗಳನ್ನು ಗೇಟಿನಾಚೆ ಗುಜರಿಯ ಮೂಲೆಗೆ ಸಾಗಿಸಬೇಕಿತ್ತು. ಒಂದೊಂದೂ ಮೂರು ಮೀಟರು. ಅವನು ಮೊದಲನೆಯದರ ಒಂದು ತುದಿಯನ್ನು ಎತ್ತಿದ. ಇನ್ನೊಂದು ತುದಿ ನೆಲವನ್ನು ಬಿಡಲಿಲ್ಲ. ಹಾಗೇ ಎಳೆದ. ಸಿಮೆಂಟಿನ ಮೇಲೆ ಕಬ್ಬಿಣ ಕಿರ್ರೆಂದಿತು. ಬೆನ್ನ ಹಿಂದೆ ಯಾರೂ ಏಳಲಿಲ್ಲ. ಇನ್ನೊಂದು ಸಲ ಎಳೆದ, ನಿಂತು ಉಸಿರು ತೆಗೆದುಕೊಂಡ. ಆಮೇಲೆ ಪೈಪು ಇದ್ದಕ್ಕಿದ್ದಂತೆ ಅರ್ಧ ಹಗುರವಾಯಿತು.

ತಿರುಗಿ ನೋಡಿದ. ಆ ತುದಿಯಲ್ಲಿ ಫೆರ್ಮಿನ್ ಇದ್ದ. ಮುಖದಲ್ಲಿ ಕ್ಷಮೆಯಂಥದ್ದೇನೂ ಇರಲಿಲ್ಲ. ಇನ್ನೆಂದೂ ಬಾರದೇ ಇರಬಹುದು. ಪೈಪನ್ನು ತೊಡೆಗೆ ಆನಿಸಿ, ಹಳೆಯ ಅಭ್ಯಾಸದಂತೆ ಎರಡು ಕೈ ಒಂದರ ಹಿಂದೊಂದು ಇಟ್ಟು ಹಿಡಿದಿದ್ದ.

ಎವಾರಿಸ್ತೊ ಹಿಂದು ಹಿಂದಕ್ಕೆ ನಡೆದ. ಇಬ್ಬರ ನಡುವೆ ಮೂರು ಮೀಟರು ಕಬ್ಬಿಣ ತೂಗುತ್ತಿತ್ತು. ಅಂಗಳ ಕಿರಿದಾಗುತ್ತ ಬಂದಿತು. ಎಡಗಡೆ ಇಟ್ಟಿಗೆಯ ಗೋಡೆ ಮುಂದಕ್ಕೆ ಚಾಚಿಕೊಂಡಿತ್ತು. ಫೆರ್ಮಿನ್‌ನ ಮೊಳಕೈ ನೇರ ಅದರ ಕಡೆಗೇ ಹೋಗುತ್ತಿತ್ತು, ಅವನಿಗೆ ಅದು ಕಾಣುತ್ತಿರಲಿಲ್ಲ.

"ಎಡಕ್ಕೆ ಗೋಡೆ ಇದೆ, ಫೆರ್ಮಿನ್. ಒಂದು ಗೇಣು."

ಫೆರ್ಮಿನ್ ಬಲಕ್ಕೆ ಸರಿದ. ಪೈಪು ತಡೆಯಿಲ್ಲದೆ ಗೋಡೆಯನ್ನು ದಾಟಿತು.

"ಹೇಳ್ತಾ ಇರಿ" ಎಂದ ಅವನು.